ಕೆಮ್ಮು ಭಾವ

ಕೆಮ್ಮು ಭಾವನಿಗೆ ಕೆಮ್ಮಿನ ಕಾಯಿಲೆ ಇಲ್ಲ. ಬೀಡಿ ಸೇದುವುದಿಲ್ಲ, ಕಫ ಕಟ್ಟಿದ್ದಿಲ್ಲ, ಮಳೆಗಾಲದಲ್ಲಿ ಮನೆಮಂದಿಯೆಲ್ಲ ಶೀತ ಹಿಡಿಸಿಕೊಂಡು ಕೂತಾಗಲೂ ಅವನೊಬ್ಬ ಒಣಗಿದ ಅಡಿಕೆಯಂತೆ ಗಟ್ಟಿಯಾಗಿರುತ್ತಾನೆ. ಹಾಗಿದ್ದೂ ಅಪ್ಪ ಇಟ್ಟ ಹೆಸರು ರೇಶನ್ ಕಾರ್ಡಿನಲ್ಲಷ್ಟೇ ಉಳಿದು, ಊರಿಗೆಲ್ಲ ಅವನು ಕೆಮ್ಮು ಭಾವ ಆಗಿಬಿಟ್ಟಿದ್ದಾನೆ. ಗುರುತಿಲ್ಲದವರ ಹತ್ತಿರ ಮಾತು ತೆಗೆಯಬೇಕಾಗಿ ಬಂದ ಕೂಡಲೇ ಅವನ ಗಂಟಲಿನಿಂದ ‘ಹ್ಞುಂ... ಹ್ಞುಂಹ್ಞುಂ’ ಎಂದೊಂದು ಪೀಠಿಕೆ ಹೊರಡುತ್ತದೆ. ಪೀಠಿಕೆ ಆದಮೇಲೆ ಪುಸ್ತಕ ಬರಬೇಕಲ್ಲ? ಅದು ಬಂದದ್ದನ್ನು ಕಂಡವರಿಲ್ಲ. (ಭಾವ ಎಂದರೆ ಅಕ್ಕನ ಗಂಡನೇ ಆಗಬೇಕೆಂದಿಲ್ಲ. ನಮ್ಮ ಕಡೆ ಒಮ್ಮೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಸಾಕು, ಭಾವ.)

ಮನೆ ಕುಮಟಾ ಕಡೆ, ನೌಕರಿ ಭಟ್ಕಳದಲ್ಲಿ, ಹೆಣ್ಣು ನೋಡುವುದು ಹೊನ್ನಾವರ ತಾಲೂಕಿನಲ್ಲಿ. ಮೂರೂ ಊರು ಅರವತ್ತು ಕಿಲೋಮೀಟರಿನೊಳಗೆ ಬರುತ್ತವೆ. ಹೆದರುವವನಿಗೆ ಅಷ್ಟು ಸೀಮೆ ಧಾರಾಳವಾಯಿತು. ‘ಎದುರಿನವ ಎಲ್ಲಾದರೂ ಮುಖ ಮುರಿದರೆ?’ ಎಂಬುದು ಅವನ ಜೀವಮಾನದ ಪ್ರಶ್ನೆ. ಇಲ್ಲಿಯವರೆಗೆ ಮುಖ ಮುರಿದವರು ಯಾರಪ್ಪಾ ಎಂದು ಕೇಳಿದರೆ ಒಂದು ಹೆಸರು ಹೇಳಲಾರ. ಮುರಿಯಬಹುದಾದವರು ಯಾರು ಎಂದು ಕೇಳಿ ನೋಡಿ, ಮೂರು ತಾಲೂಕಿನ ಮತದಾರರ ಪಟ್ಟಿಯನ್ನೇ ಎದುರಿಗಿಡುತ್ತಾನೆ.

ಅವನ ಅಸಲು ಲೀಲೆ ನೋಡಬೇಕೆಂದರೆ ಸಂಜೆಯ ಮಂಗಳೂರು–ಮಡಗಾಂವ್ ಗಾಡಿಯಲ್ಲಿ ನೋಡಬೇಕು. 1998ರ ಜನವರಿ 26ಕ್ಕೆ ಕೊಂಕಣ ರೈಲು ಇಡೀ ಮಾರ್ಗದಲ್ಲಿ ಓಡತೊಡಗಿದಾಗ ಕರಾವಳಿಯವರೆಲ್ಲ ಇನ್ನು ಮುಂಬೈ ಹತ್ತಿರವಾಯಿತು ಎಂದು ಹಿಗ್ಗಿದರು. ಭಾವನ ಮಟ್ಟಿಗೆ ಹತ್ತಿರವಾದದ್ದು ಮುಂಬೈ ಅಲ್ಲ, ಎದುರಿನ ಸೀಟು. ಬಸ್ಸಿನಲ್ಲಾದರೆ ಕಣ್ಣೆದುರು ಇರುವುದು ಮುಂದಿನವರ ಬೆನ್ನು. ಬೆನ್ನು ಯಾರನ್ನೂ ಏನೂ ಅನ್ನುವುದಿಲ್ಲ. ರೈಲು ಕಟ್ಟಿದ ಪುಣ್ಯಾತ್ಮರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಸೀಟು ಹಾಕಿಟ್ಟಿದ್ದಾರೆ. ಕಣ್ಣು ತೆಗೆದರೆ ಮನುಷ್ಯ, ಮುಚ್ಚಿದರೆ ನಿದ್ರೆ ಬಂದವನ ನಟನೆ ಮಾಡಬೇಕು.

ಭಟ್ಕಳ ಬಿಡುವಾಗಲೇ ಭಾವ ಒಂದು ವಾಕ್ಯ ಕಟ್ಟಲು ಶುರುಮಾಡುತ್ತಾನೆ. ಎದುರಿಗೆ ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ ಇಟ್ಟುಕೊಂಡ ಒಬ್ಬರು ಕೂತಿದ್ದಾರೆ ಅನ್ನಿ. ‘ಈ ಗಾಡಿ ಕುಮಟಾದಲ್ಲಿ ನಿಲ್ತದಾ?’ ಎಂಬುದು ಮೊದಲನೆಯ ಪ್ರತಿ. ಚಿತ್ರಾಪುರ ಬರುವುದರೊಳಗೆ ಅದನ್ನು ತಾನೇ ಹೊಡೆದು ಹಾಕುತ್ತಾನೆ. ನಿಲ್ಲದೆ ಮತ್ತೆಂತ, ಪ್ಯಾಸೆಂಜರು ಗಾಡಿ ಎಂಬುದು ಹಸುಗೂಸಿಗೂ ಗೊತ್ತು, ಇವನೆಂಥ ಪೆದ್ದ ಅಂತ ತಿಳಿದುಕೊಂಡರೆ? ‘ಇವತ್ತು ಸೆಕೆ ಜಾಸ್ತಿ ಅಲ್ವಾ?’ ಎಂಬ ಎರಡನೆಯ ಪ್ರತಿ ಮುರ್ಡೇಶ್ವರದವರೆಗೆ ಬಾಳುತ್ತದೆ. ಅವರಿಗೆ ಸೆಕೆ ಆಗದಿದ್ದರೆ? ‘ನನಗೇನೂ ಇಲ್ಲಪ್ಪ’ ಅಂದುಬಿಟ್ಟರೆ ಮುಂದೆ ಹೋಗುವುದು ಎಲ್ಲಿಗೆ?

ಮುರ್ಡೇಶ್ವರದಲ್ಲಿ ಬಯಲುಸೀಮೆಯ ಒಂದು ಕುಟುಂಬ ಹತ್ತುತ್ತದೆ. ದೊಡ್ಡ ಶಿವನನ್ನು ನೋಡಿ, ಸಮುದ್ರದಲ್ಲಿ ಮಿಂದು, ಒದ್ದೆ ಚಡ್ಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದವರು. ಕೂತು ಅರೆ ನಿಮಿಷವಾಗಿರುವುದಿಲ್ಲ, ‘ಸ್ವಲ್ಪ ಸರೀರಿ ಅಣ್ಣಾರ, ಯಾವೂರಾಯ್ತು, ಮಿರ್ಚಿ ತಗೊಳ್ರಿ’ ಎಂದು ಇಡೀ ಡಬ್ಬಿಗೆ ನೆಂಟರಾಗಿಬಿಡುತ್ತಾರೆ. ಭಾವ ಅವರನ್ನು ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುವವರನ್ನು ನೋಡಿದಂತೆ ನೋಡುತ್ತಾನೆ. ಮಿರ್ಚಿ ಬೇಕು ಅನ್ನಿಸುತ್ತದೆ. ಬೇಡ ಎಂದು ತಲೆ ಆಡಿಸಿ ಕೆಮ್ಮುತ್ತಾನೆ.

ಮಂಕಿ ದಾಟಿದ ಮೇಲೆ ಶರಾವತಿಯ ಸೇತುವೆ. ಕೊಂಕಣ ರೈಲಿನ ಸೇತುವೆಗಳಲ್ಲೆಲ್ಲ ಉದ್ದದ್ದು, ಎರಡು ಕಿಲೋಮೀಟರಿಗೂ ಮಿಗಿಲು. ಗಾಡಿ ಅದರ ಮೇಲೆ ಹತ್ತಿತೆಂದರೆ ಅಳಿವೆಯ ಗಾಳಿಯೂ ಗಾಲಿಯ ಸದ್ದೂ ಸೇರಿ ಯಾರ ಮಾತು ಯಾರಿಗೂ ಕೇಳಿಸುವುದಿಲ್ಲ. ಭಾವನ ಬಾಯಿ ತೆರೆಯುವುದು ಅಲ್ಲಿ. ‘ನಾನು ಕುಮಟಾದವ, ಭಟ್ಕಳದಲ್ಲಿ ನೌಕರಿ, ಹೂ ಮದುವೆಮನೆಗಾ, ನಿಮ್ಮದು ಎಲ್ಲಾಯ್ತು’ ಎಂದು ಸ್ಪಷ್ಟವಾಗಿ, ಗಟ್ಟಿಯಾಗಿ, ಮುಖದಲ್ಲಿ ನಗೆ ತಂದುಕೊಂಡು ಹೇಳುತ್ತಾನೆ. ಅವನು ಆಯುಷ್ಯದಲ್ಲಿ ಗುರುತಿಲ್ಲದವರ ಎದುರು ಆಡಿದ ಪೂರ್ಣ ವಾಕ್ಯಗಳೆಲ್ಲ ಶರಾವತಿಯ ಪಾಲಾಗಿವೆ. ಸೇತುವೆ ಮುಗಿದು ಗದ್ದಲ ಇಳಿದ ಮೇಲೆ ಎದುರಿನವರು ಮುಂದೆ ಬಾಗಿ, ‘ಎಂತದೋ ಹೇಳಿದ್ರಿ?’ ಎನ್ನುತ್ತಾರೆ.

‘ಹ್ಞುಂಹ್ಞುಂ, ಎಂತಾ ಇಲ್ಲ.’

ಹೊನ್ನಾವರ ಬರುತ್ತದೆ. ಮಲ್ಲಿಗೆ ಇಳಿದು ಹೋಗುತ್ತದೆ.

ಭಾವನನ್ನು ಪೂರ್ತಿ ತಪ್ಪಿತಸ್ಥ ಮಾಡುವಂತೆಯೂ ಇಲ್ಲ. ನಮ್ಮ ಕರಾವಳಿಯಲ್ಲಿ ಮೊದಲ ಮಾತು ಎಂಬುದು ಜೂಜು. ಎದುರಿನವರಿಗೆ ಯಾವ ಭಾಷೆ ಹಾಕುವುದು? ಕನ್ನಡ ಎಂದರೆ ಒಂದೇ ಅಲ್ಲ. ಹವಿಗನ್ನಡ, ಹಾಲಕ್ಕಿ ಒಕ್ಕಲಿಗರದ್ದು, ನಾಮಧಾರಿಗಳದ್ದು, ಮಾಸ್ತರ ಮಂದಿ ಆಡುವ ಪುಸ್ತಕದ್ದು. ಕೊಂಕಣಿಯೂ ಹಾಗೇ. ಸಾರಸ್ವತರ ರಾಗ ಬೇರೆ, ಖಾರ್ವಿಗಳದು ಬೇರೆ, ಕ್ರಿಶ್ಚನ್ನರದು ಬೇರೆ. ಭಟ್ಕಳಕ್ಕೆ ಹೋದರೆ ನವಾಯತಿ. ಕೇಳಲು ಕೊಂಕಣಿಯ ಖಾಸಾ ತಂಗಿ, ನಡುನಡುವೆ ಅರಬ್ಬಿ ಪಾರ್ಸಿ ಶಬ್ದ, ಬರೆಯುವುದು ಉರ್ದುವಿನಂತೆ ಬಲದಿಂದ ಎಡಕ್ಕೆ. ಅನುಭವಸ್ಥರು ಎದುರಿನವರ ಚಪ್ಪಲಿ, ಮೀಸೆ, ಕೈಚೀಲದ ಮೇಲಿನ ಅಂಗಡಿ ಹೆಸರು ನೋಡಿ ಭಾಷೆ ಆರಿಸುತ್ತಾರೆ. ನೂರಕ್ಕೆ ತೊಂಬತ್ತು ಸರಿ. ಭಾವ ಅದೇ ಚಪ್ಪಲಿ ನೋಡಿ ಅರ್ಧ ತಾಸು ಲೆಕ್ಕ ಹಾಕುತ್ತಾನೆ. ಒಮ್ಮೆ ಧೈರ್ಯ ಮಾಡಿ, ಬಿಳಿ ಶರಟು ಚಿನ್ನದ ಚೌಕಟ್ಟಿನ ಕನ್ನಡಕದ ಒಬ್ಬರಿಗೆ, ಮನೆಯಲ್ಲಿ ಕನ್ನಡಿ ಎದುರು ಕಲಿತ ಕೊಂಕಣಿಯಲ್ಲಿ ‘ತುಮ್ಗೆಲೊ ಗಾಂವ್ ಖಂಚೊ?’ ಎಂದು ಕೇಳಿಯೇಬಿಟ್ಟ. ಅವರು ‘ಏನಂದ್ರೀ?’ ಎಂದರು. ಹುಬ್ಬಳ್ಳಿ. ಭಾವ ಅಂಕೋಲೆಯಲ್ಲಿ ಇಳಿಯಬೇಕಾದವನಂತೆ ಎದ್ದು ಬಾಗಿಲ ಬಳಿ ನಿಂತ. ಗಾಡಿ ಇನ್ನೂ ಮಂಕಿಯಲ್ಲಿತ್ತು.

ಇದಕ್ಕಿಂತ ದೊಡ್ಡ ಗಾಯ ಕವಳದ್ದು. ಕವಳ ಅಂದರೆ ಏನು ಎಂದು ಘಟ್ಟದ ಮೇಲಿನವರು ಕೇಳಬಹುದು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಇಷ್ಟನ್ನು ನಾವು ಬಾಯಿಗೆ ಹಾಕಿಕೊಂಡು ಆಯುಷ್ಯ ಕಳೆಯುತ್ತೇವೆ. ಹೊನ್ನಾವರದ ಎಲೆ ಉತ್ತರದ ಪಾನ್ ಅಂಗಡಿಗಳವರೆಗೆ ಹೋಗುವ ಸರಕು; ಮೊದಲ ಮರ್ಯಾದೆ ಮಾತ್ರ ಊರವರ ದವಡೆಗೆ. ಜಗಲಿಗೆ ಬಂದವರ ಮುಂದೆ ಮೊದಲು ಬೆಲ್ಲ-ನೀರು, ಆಮೇಲೆ ಕವಳದ ಬಟ್ಟಲು. ‘ಕವಳ ಹಾಕಿ’ ಅಂದರೆ ಪರಿಚಯ ಆದಂತೆಯೇ. ಬಟ್ಟಲು ಅತ್ತ ಇತ್ತ ಸರಿಯುತ್ತದೆ, ಸುಣ್ಣದ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಅಡಿಕೆ ಕತ್ತರಿಸುವವನಿಗೆ ಯಾರ ಮುಖವನ್ನೂ ನೋಡುವ ಜರೂರು ಇಲ್ಲ. ನಾಚುಗುಳಿಗಳಿಗಾಗಿ ಹಿರಿಯರು ಕಂಡುಹಿಡಿದ ಉಪಾಯಗಳಲ್ಲಿ ಇದಕ್ಕಿಂತ ಬರಕತ್ತಿನದು ನನಗೆ ಗೊತ್ತಿಲ್ಲ. ಭಾವನ ದುರದೃಷ್ಟಕ್ಕೆ ಅವನು ಕವಳ ಹಾಕುವುದಿಲ್ಲ. ಹಲ್ಲು ಹಾಳಾಗುತ್ತದಂತೆ.

ಇಂಥ ಭಾವ ಒಮ್ಮೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ, ಪಕ್ಕ ನಿಂತ ಹಿರಿಯರೊಬ್ಬರನ್ನು, ಕೆಮ್ಮದೆ, ನೇರವಾಗಿ, ‘ಗೇರುಸೊಪ್ಪೆ ಬಸ್ಸು ಹೋಯ್ತಾ?’ ಎಂದು ಕೇಳಿದ. ಹಿರಿಯರು ಅವನನ್ನು ನೋಡಿದರು. ಗದ್ದ ಮೇಲೆತ್ತಿದರು. ಕಣ್ಣು ಅರ್ಧ ಮುಚ್ಚಿದರು. ‘ಉಂ’ ಎಂದರು. ಮುಖ ಆಚೆ ತಿರುಗಿಸಿ ಸರಸರನೆ ನಡೆದು ಹೋದರು.

ಭಾವ ಮೂರು ವಾರ ಊಟ ಸರಿ ಮಾಡಲಿಲ್ಲ. ‘ಒಂದು ಬಸ್ಸು ಕೇಳಿದ್ದಕ್ಕೆ ಇಷ್ಟು ಅಸಡ್ಡೆಯ? ನಾ ಎಂತ ಸಾಲ ಕೇಳಿದ್ನ?’ ಎಂದು ಎದುರಾದವರಿಗೆಲ್ಲ (ಗುರುತಿನವರಿಗೆ ಮಾತ್ರ) ಹೇಳಿಕೊಂಡು ತಿರುಗಿದ. ಕಡೆಗೆ ನಾನು ಕೇಳಬೇಕಾಯಿತು: ‘ಭಾವ, ಅವರ ಕೆನ್ನೆ ಹೇಗಿತ್ತು?’ ಯೋಚಿಸಿ ಹೇಳಿದ, ‘ಎಡದ್ದು ಸ್ವಲ್ಪ ಉಬ್ಬಿತ್ತು.’ ‘ಗದ್ದ ಮೇಲೆತ್ತಿದ್ದು ಯಾಕೆ?’ ಭಾವ ಸುಮ್ಮನಾದ. ಬಾಯಿ ತುಂಬ ರಸ ಇದ್ದವ ಗದ್ದ ಇಳಿಸಿ ಉತ್ತರ ಕೊಟ್ಟಿದ್ದರೆ ಭಾವನ ಶರಟು ಉಳಿಯುತ್ತಿರಲಿಲ್ಲ. ಆ ಹಿರಿಯರು ನಡೆದದ್ದು ಉಗುಳಲಿಕ್ಕೆ. ವಾಪಸು ಬಂದು ಉತ್ತರ ಹೇಳಲು ಭಾವನನ್ನು ಹುಡುಕಿಯೂ ಇರಬಹುದು. ಆಗ ಭಾವ ಶೌಚಾಲಯದ ಹಿಂದೆ ನಿಂತು ದುಃಖ ಪಡುತ್ತಿದ್ದ.

ಈ ಭಾವನೇ ಭಟ್ಕಳದ ತನ್ನ ಕಚೇರಿಯ ಕೌಂಟರಿನ ಹಿಂದೆ ಕೂತರೆ ಸಿಂಹ. ‘ಆಧಾರ್ ಝೆರಾಕ್ಸ್ ಎಲ್ಲಿ? ಇದಕ್ಕೆ ಸೀಲಿಲ್ಲ. ನಾಳೆ ಬನ್ನಿ.’ ಗುರುತಿಲ್ಲದ ಮುಖಗಳೇ ಸಾಲುಗಟ್ಟಿ ನಿಂತಿರುತ್ತವೆ, ಒಂದು ಕೆಮ್ಮೂ ಇಲ್ಲ. ಒಂದೂವರೆ ಅಡಿ ಅಗಲದ ಹಲಗೆ ನಡುವೆ ಬಂದುಬಿಟ್ಟರೆ ಬೇಡ ಅನ್ನುವ ಅಧಿಕಾರ ತನ್ನ ಕಡೆಗೆ ಬರುತ್ತದಲ್ಲ! ಅವನಿಗೆ ಆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಲು ಅನುಮತಿ ಕೊಟ್ಟರೆ ಜಿಲ್ಲೆಯಲ್ಲಿ ಅವನಷ್ಟು ಮಾತುಗಾರ ಇನ್ನೊಬ್ಬ ಇರಲಾರ.

ಹಲಗೆ ಇಲ್ಲದ ಕಡೆ ಅವನಿಗೆ ಬೇಡ ಅನ್ನಲೂ ಬರುವುದಿಲ್ಲ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯನ್ನು ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿರುತ್ತಾರೆ. ಬೈಕಿನಲ್ಲಿ ಹೋಗುವ ಭಾವನ ಕಣ್ಣೂ ಮಾರುವ ಹೆಂಗಸಿನ ಕಣ್ಣೂ ಒಂದು ಕ್ಷಣ ಕೂಡಿದರೆ ಮುಗಿಯಿತು. ನಿಲ್ಲಿಸದೆ ಹೋದರೆ ಆಕೆಗೆ ಬೇಸರವಾದೀತು ಎಂದು ನಿಲ್ಲಿಸುತ್ತಾನೆ, ಚೌಕಾಶಿ ಮಾಡಿದರೆ ಸಿಟ್ಟು ಬಂದೀತು ಎಂದು ಹೇಳಿದಷ್ಟು ಕೊಡುತ್ತಾನೆ. ಏಪ್ರಿಲ್ ಕೊನೆಗೆ ಅವನ ಅಟ್ಟದಲ್ಲಿ ಜಾಗವಿರುವುದಿಲ್ಲ. ಅವನ ಮನೆಯಲ್ಲಿ ಈರುಳ್ಳಿ ತಿನ್ನುವವರು ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅಮ್ಮ ಕಟ್ಟಾ ಮಡಿ.

ಈಗ ಹೆಣ್ಣಿನ ವಿಷಯ. ಮೂವತ್ತೆಂಟಾದ ಭಾವನಿಗೆ ಇನ್ನೂ ಮದುವೆಯಾಗಿಲ್ಲ, ಇದರಲ್ಲಿ ಕೆಮ್ಮಿನ ಪಾಲು ಎಷ್ಟು, ಕಾಲದ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ. ಅಡಿಕೆ ತೋಟದ ಮನೆಗಳಲ್ಲಿ ಮಾಣಿಗಳು ಹಣ್ಣಾಗುತ್ತಿದ್ದಾರೆ. ಓದಿದ ಹುಡುಗಿಯರು ಬೆಂಗಳೂರಿನಲ್ಲಿದ್ದಾರೆ, ಮರಳಿ ಬಂದು ಕೊಟ್ಟಿಗೆ ಬಳಿಯಲು ಅವರಿಗೇನು ಹುಚ್ಚೆ? ನಮ್ಮ ಕಡೆಯದೊಂದೇ ಪಾಡಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಬ್ರಹ್ಮಚಾರಿ ರೈತರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಭಾವನಿಗೆ ಆ ಸುದ್ದಿ ಓದಿ ಅವರ ಧೈರ್ಯ ಕಂಡು ಬೆವರು ಬಂತು. ಅಷ್ಟು ಜನ ಗುರುತಿಲ್ಲದವರ ಜೊತೆ ನಡೆಯುವುದೇ! ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ?

ಕಡತೋಕಾ, ಕವಲಕ್ಕಿ, ಹಡಿನಬಾಳ ಎಂದು ಹೊನ್ನಾವರ ಸೀಮೆಯ ಜಗಲಿಗಳಲ್ಲಿ ಅವನು ಕೂತದ್ದಕ್ಕೆ ಲೆಕ್ಕವಿಲ್ಲ. ಉಪ್ಪಿಟ್ಟು, ಶಿರಾ, ಚಹ. ಹುಡುಗಿಯ ಅಪ್ಪ ಕೇಳಿದ್ದಕ್ಕೆ ಭಾವನ ಮಾವ ಉತ್ತರ ಹೇಳುತ್ತಾನೆ, ಭಾವ ನಡುವೆ ಕೆಮ್ಮಿ ಅನುಮೋದಿಸುತ್ತಾನೆ. ಈಚೆಗೆ ಉಪ್ಪಿಟ್ಟು ಇದೆ, ಹುಡುಗಿ ಇಲ್ಲ. ಅವಳು ಬೆಂಗಳೂರಿನಿಂದ ಮೊಬೈಲಿನ ಪರದೆಯಲ್ಲಿ ಬರುತ್ತಾಳೆ. ಹೋದ ವರ್ಷ ಹಾಗೊಬ್ಬಳು ಬಂದು, ‘ನಮಸ್ಕಾರ, ಹೇಳಿ’ ಎಂದಳು. ಭಾವ ತುಟಿ ಆಡಿಸಿದ. ಮತ್ತೂ ಆಡಿಸಿದ. ಆಕೆ ಸಮಾಧಾನದಿಂದ, ‘ಕೇಳಿಸ್ತಾ ಇಲ್ಲ, ಮ್ಯೂಟ್ ತೆಗೀರಿ’ ಎಂದಳು. ಹುಡುಗಿಯ ಅಣ್ಣ ಬಂದು ಫೋನು ತಿರುಗಿಸಿ ತಿರುಗಿಸಿ ನೋಡಿದ. ಫೋನು ಸರಿಯಾಗಿತ್ತು.

ಇಷ್ಟಾದರೂ ಭಾವನಿಗೆ ಯಾರೂ ‘ಇಲ್ಲ’ ಎಂದದ್ದಿಲ್ಲ. ಕರಾವಳಿಯ ಗೃಹಸ್ಥನ ನಾಲಗೆಗೆ ಆ ಶಬ್ದ ಹೊರಳುವುದೇ ಇಲ್ಲ. ‘ನೋಡ್ವ’ ಎನ್ನುತ್ತಾರೆ. ಅಂದರೆ ನೋಡಿ ಆಯಿತು. ‘ಹೇಳಿ ಕಳಸ್ತ್ಯ’ ಎಂದರೆ ಇನ್ನು ಈ ದಾರಿಯಲ್ಲಿ ಬರುವ ಶ್ರಮ ತೆಗೆದುಕೊಳ್ಳಬೇಡಿ. ‘ನಿಮ್ಮ ಮಾಣಿ ಬಾಳ ಒಳ್ಳೇವ’ ಎಂದು ಮೊದಲೇ ಹೊಗಳಿದರಂತೂ ಚಪ್ಪಲಿ ಹುಡುಕಿಕೊಳ್ಳಬಹುದು. ಇವೆಲ್ಲಕ್ಕೂ ಮಿಗಿಲಾದದ್ದು ‘ಜಾತಕ ಕೂಡಿ ಬೈಂದಿಲ್ಲೆ’. ಈ ಒಂದು ವಾಕ್ಯದಲ್ಲಿ ಹುಡುಗನ ತಪ್ಪಿಲ್ಲ, ಹುಡುಗಿಯ ತಪ್ಪಿಲ್ಲ, ಅಪ್ಪನ ತಪ್ಪಂತೂ ಇಲ್ಲವೇ ಇಲ್ಲ. ಎಲ್ಲ ಶನಿ ಮಂಗಳರು ಹೊತ್ತುಕೊಳ್ಳುತ್ತಾರೆ. ಎಷ್ಟೋ ಕೋಟಿ ಮೈಲಿ ಆಚೆಯವರು, ಯಾರು ಹೋಗಿ ಕೇಳುತ್ತಾರೆ?

ಕೆಲವರು ಶನಿಯವರೆಗೂ ಹೋಗುವುದಿಲ್ಲ, ಇಡಗುಂಜಿಗೆ ಹೋಗುತ್ತಾರೆ. ಅಲ್ಲಿಯ ಗಣಪತಿಗೆ ಎರಡೇ ಕೈ, ನಿಂತಿದ್ದಾನೆ. ಮದುವೆ ಸಂಬಂ‌ಧಕ್ಕೆ ಅಲ್ಲಿ ಪ್ರಸಾದ ಕೇಳುವ ಒಂದು ರೂಢಿ ಉಂಟು. ದೇವರ ಎರಡು ಪಾದಕ್ಕೂ ಚೀಟಿ ಅಂಟಿಸುವುದು. ಬಲಗಾಲಿನ ಚೀಟಿ ಮೊದಲು ಬಿದ್ದರೆ ಆಗಬಹುದು, ಎಡಗಾಲಿನದು ಬಿದ್ದರೆ ಬೇಡ. ಒಂದು ಕೈಯಲ್ಲಿ ತಾವರೆ ಮೊಗ್ಗು, ಇನ್ನೊಂದರಲ್ಲಿ ಮೋದಕ ಹಿಡಿದವನು ಕಾಲಿನಿಂದಲ್ಲದೆ ಇನ್ನು ಹೇಗೆ ಉತ್ತರ ಕೊಡಬೇಕು? ಬೀಗರಾಗಬೇಕಾದ ಎರಡು ಮನೆಯವರು ಒಬ್ಬರಿಗೊಬ್ಬರು ಬೇಡ ಅನ್ನುವ ಸಂಕಟ ಬರಬಾರದೆಂದು ಆ ಸಂಕಟವನ್ನೇ ದೇವರ ಪಾದಕ್ಕೆ ಹಾಕಿದ ನಮ್ಮ ಹಿರಿಯರ ಬುದ್ಧಿಯನ್ನು ಭಾವ ಬಾಯ್ತುಂಬ ಹೊಗಳುತ್ತಾನೆ. ರೈಲಿನಲ್ಲೂ ಇಂಥ ಒಂದು ವ್ಯವಸ್ಥೆ ಇರಬೇಕಿತ್ತು ಎಂಬುದು ಅವನ ಅಭಿಪ್ರಾಯ. ಎದುರಿನವರ ಎರಡೂ ಬೂಟಿಗೆ ಚೀಟಿ ಅಂಟಿಸಿ ಮಂಕಿಯವರೆಗೆ ಕಾಯುವುದು.

ಅವನಿಗೆ ಉಪಕಾರವಾಗಲಿ ಎಂದು ನಾನೊಮ್ಮೆ ಆಲ್ಬರ್ಟ್ ಎಲ್ಲಿಸನ ಕಥೆ ಹೇಳಿದೆ. ಮುಂದೆ ದೊಡ್ಡ ಮನಶ್ಶಾಸ್ತ್ರಜ್ಞನಾದ ಈ ಅಮೆರಿಕದವ ಹತ್ತೊಂಬತ್ತರ ಪ್ರಾಯದಲ್ಲಿ ನಮ್ಮ ಭಾವನ ಅಪ್ಪನಂಥವ, ಹೆಂಗಸರ ಹತ್ತಿರ ಬಾಯಿ ಬಿಡಲಾರ. 1933ರ ಬೇಸಿಗೆಯಲ್ಲಿ ಹಟ ತೊಟ್ಟು, ನ್ಯೂಯಾರ್ಕಿನ ಬ್ರಾಂಕ್ಸಿನ ಸಸ್ಯೋದ್ಯಾನಕ್ಕೆ ದಿನವೂ ಹೋಗಿ, ಬೆಂಚಿನ ಮೇಲೆ ಒಂಟಿ ಕೂತ ಹೆಂಗಸರ ಪಕ್ಕ ಕೂತ. 130 ಮಂದಿ. 30 ಮಂದಿ ಕೂಡಲೇ ಎದ್ದು ಹೋದರು. ಉಳಿದ ನೂರು ಮಂದಿಯನ್ನು ಮಾತಾಡಿಸಿದ. ಒಬ್ಬಳು ಮತ್ತೆ ಸಿಗುತ್ತೇನೆ ಅಂದಳು, ಅವಳೂ ಬರಲಿಲ್ಲ. ಆದರೆ ಯಾರೂ ಪೊಲೀಸರನ್ನು ಕರೆಯಲಿಲ್ಲ, ಆಕಾಶ ಬೀಳಲಿಲ್ಲ, ಇವನ ಹೆದರಿಕೆ ಮಾತ್ರ ಬಿಟ್ಟುಹೋಯಿತು.

ಭಾವ ಕಥೆಯನ್ನು ಗಂಭೀರವಾಗಿ ಕೇಳಿ, ‘ಕುಮಟೆಯಲ್ಲಿ ಹೀಗೆ ಮಾಡಿದ್ರೆ ಮೂರನೇ ಬೆಂಚಿಗೆ ಹೋಪದ್ರೊಳಗೆ ಸುದ್ದಿ ಅಮ್ಮಂಗೆ ಮುಟ್ತು’ ಎಂದ. ಮಾತು ನಿಜ. ಕೊನೆಗೆ ಹೆಂಗಸರನ್ನು ಬಿಟ್ಟು, ದಿನಕ್ಕೆ ಒಬ್ಬ ಗುರುತಿಲ್ಲದ ಗಂಡಸನ್ನು ಮಾತಾಡಿಸುವುದು, ನೂರಕ್ಕೆ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಹಳೆಯ ಡೈರಿಯಲ್ಲಿ ಎರಡು ಮನೆ ಗೀಟು ಹಾಕಿಕೊಂಡ: ಮಾತಾಡಿದವರು, ಮುಖ ಮುರಿದವರು.

ಮೊದಲನೆಯ ದಿನ ಭಟ್ಕಳದ ಹಳೇ ಬಸ್ ಸ್ಟ್ಯಾಂಡಿನ ಬಳಿ ಒಂದು ಚಹದಂಗಡಿ. ಬಿಳಿ ಗಡ್ಡದ ನವಾಯತ ಹಿರಿಯರೊಬ್ಬರು ಕೂತಿದ್ದರು. ಭಾವ ಕೆಮ್ಮಿ, ಬೆವರಿ, ‘ಗಂಟೆ ಎಷ್ಟಾಯ್ತು?’ ಎಂದ. ಹಿರಿಯರು ಗಂಟೆ ಹೇಳಿದರು. ಆಮೇಲೆ ಭಾವನ ಕೈ ನೋಡಿದರು. ಕೈಯಲ್ಲಿ ಗಡಿಯಾರ! ‘ನಿಂತಿದೆಯಾ? ಕೊಡಿ ಇಲ್ಲಿ’ ಎಂದು ಬಿಚ್ಚಿಸಿಕೊಂಡು, ಪಕ್ಕದ ಅಂಗಡಿಯವನನ್ನು ಕರೆದು ಕೊಟ್ಟೇಬಿಟ್ಟರು. ಚೆನ್ನಾಗಿ ನಡೆಯುತ್ತಿದೆ ಎಂದು ಹೇಳುವುದು ಹೇಗೆ? ಓಡುತ್ತಿದ್ದ ಗಡಿಯಾರಕ್ಕೆ ಹೊಸ ಬ್ಯಾಟರಿ ಬೀಳುವವರೆಗೆ ಹಿರಿಯರು ಎರಡು ಚಹ ಕುಡಿಸಿದರು, ಹಲ್ವ ತರಿಸಿದರು, ದುಬೈಯಲ್ಲಿರುವ ಮಗನ ಫೋಟೊ ತೋರಿಸಿದರು. ‘ಎಲ್ಲಾಯ್ತು ನಿಮ್ಗೆ?’ ಎಂದು ಕೇಳಿ, ಊರ ಹೆಸರು ಕೇಳಿದ್ದೇ, ‘ಅಲ್ಲಿಯ ಅಡಿಕೆ ನಮ್ಮ ತಂದೆ ಕೊಳ್ಳುತ್ತಿದ್ದರು’ ಎಂದು ಅಜ್ಜನ ಕಾಲಕ್ಕೆ ಹೋದರು. ಸಂಜೆಯ ಗಾಡಿ ತಪ್ಪಿತು.

ಎರಡನೆಯದು ಕಾಸರಕೋಡ ಸಮುದ್ರತೀರ. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಮೇಲೆ ಅಲ್ಲಿ ಚೊಕ್ಕ ಬೆಂಚುಗಳಿವೆ, ಎಲ್ಲಿಸನಿಗೆ ಹೇಳಿ ಮಾಡಿಸಿದಂಥ ಜಾಗ. ಭಾವ ಒಬ್ಬರಿಗೆ ‘ಗಾಳಿ ಚಲೋ ಇದೆ’ ಅಂದ. ಅವರು ತಮ್ಮ ಕೂಸನ್ನೂ ಮೊಬೈಲನ್ನೂ ಅವನ ಕೈಗೆ ಕೊಟ್ಟು, ಇಡೀ ಕುಟುಂಬದ ನಲವತ್ತು ಫೋಟೊ ತೆಗೆಸಿಕೊಂಡರು. ಮೂರನೆಯದು ಕುಮಟೆಯ ಮಣಕಿ ಮೈದಾನದಲ್ಲಿ ವಾಕಿಂಗ್ ಮಾಡುವ ನಿವೃತ್ತ ಮಾಸ್ತರರು. ‘ಯಾರ ಪೈಕಿ?’ ಎಂದು ಶುರುಮಾಡಿ ನಾಲ್ಕನೆಯ ಪ್ರಶ್ನೆಗೆ ಭಾವನ ಅತ್ತೆಯ ನಾದಿನಿಯ ಮಗನಿಗೆ ಗಣಿತ ಕಲಿಸಿದ್ದು ಹೊರಬಿತ್ತು. ಐದನೆಯ ಪ್ರಶ್ನೆ, ‘ಮದುವೆ ಯಾಕೆ ಆಗಲಿಲ್ಲ?’

ಏಳನೆಯವರಿಗೆ ಭಾವ ಡೈರಿ ಮುಚ್ಚಿದ. ಮಾತಾಡಿದವರು ಏಳು, ಮುಖ ಮುರಿದವರು ಸೊನ್ನೆ. ಹನ್ನೊಂದು ಚಹ, ಎರಡು ಊಟ, ಒಂದು ಬ್ಯಾಟರಿ, ತಪ್ಪಿದ ಗಾಡಿ ಮೂರು, ಕರೆದ ಮನೆ ಒಕ್ಕಲು ನಾಲ್ಕು. ‘ಎಲ್ಲಿಸಂಗೆ ಮೂವತ್ತು ಜನ ಎದ್ದು ಹೋದ್ರು, ಪುಣ್ಯವಂತ’ ಎಂದ. ‘ನಮ್ಮಲ್ಲಿ ಒಬ್ರೂ ಏಳ್ತ್ವಿಲ್ಲೆ.’

ಅವನಿಗೆ ನಿಜಕ್ಕೂ ಜನ ಮುಖ ತಿರುಗಿಸಿದ್ದು ಒಮ್ಮೆ ಮಾತ್ರ. 2020ರ ಮಾರ್ಚಿನಲ್ಲಿ, ತುಂಬಿದ ಬಸ್ಸಿನಲ್ಲಿ, ಪಕ್ಕದವರನ್ನು ಮಾತಾಡಿಸೋಣವೆಂದು ವಾಡಿಕೆಯ ಪೀಠಿಕೆ ಹಾಕಿದ. ‘ಹ್ಞುಂಹ್ಞುಂ’ ಎನ್ನುವುದೇ ತಡ, ಅವನ ಸುತ್ತ ಆರು ಸೀಟು ಖಾಲಿ. ಕಂಡಕ್ಟರು ಟಿಕೆಟನ್ನು ದೂರದಿಂದ ಎಸೆದ. ಈ ಕಥೆಯನ್ನು ಮಾತ್ರ ಭಾವ ನಗುತ್ತ ಹೇಳುತ್ತಾನೆ, ಬೇಜಾರೇ ಇಲ್ಲ. ಅದರ ಹಿಂದಿನಿಂದ ಬಂದ ಮಾಸ್ಕಿನ ದಿನಗಳು ಅವನ ಸುವರ್ಣಯುಗ. ಮುಖವೇ ಕಾಣದಿದ್ದರೆ ಮುರಿಯುವುದಾದರೂ ಏನನ್ನು?

ಮಂಕಿಯ ಹತ್ತಿರ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲೆ. ಅಲ್ಲಿ ಒಂದು ರಾತ್ರಿ ಆಟ ನೋಡುತ್ತ ಕೂತಾಗ ಭಾವ ನನ್ನ ಕಿವಿಯಲ್ಲಿ ಹೇಳಿದ್ದು ಇದು: ‘ನೋಡು, ರಾವಣನೇ ಬಂದ್ರೂ ತಾನಾಗಿ ನಾ ರಾವಣ ಅಂತ ಹೇಳ್ತ್ನಿಲ್ಲೆ.’ ಹೌದಲ್ಲ! ಹತ್ತು ತಲೆಯವನೂ ಕುಣಿದು, ತಿರುಗಿ, ಮೀಸೆ ತೀಡಿ, ಕೂತು ಕಾಯುತ್ತಾನೆ. ಬಂದವರು ದಾರು ಎಂದು ಭಾಗವತರು ವಿಚಾರಿಸಿದ ಮೇಲೆಯೇ ಬಾಯಿ ಬಿಡುವುದು. ಬಿಟ್ಟಮೇಲೆ ಮುಚ್ಚಿಸುವವರಿಲ್ಲ, ಅದು ಬೇರೆ. ಭಾವನಿಗೆ ಇಪ್ಪತ್ತು ವರ್ಷದಿಂದ ಸಿಗದೇ ಇದ್ದದ್ದು ಒಬ್ಬ ಭಾಗವತ.

ನನಗೂ ಅವನಿಗೂ ಗುರುತಾದದ್ದು ಹೇಗೆ ಎಂದು ನೀವು ಕೇಳಲಿಲ್ಲ. ಅದೇ ಸಂಜೆಯ ಗಾಡಿ. ಎದುರಿನ ಸೀಟಿನಲ್ಲಿ ಒಬ್ಬ ಭಟ್ಕಳದಿಂದ ಕೆಮ್ಮುತ್ತಿದ್ದ. ಇವನಿಗೆ ನಾನು ಎದುರಿಗೆ ಕೂತದ್ದು ಇಷ್ಟವಿಲ್ಲ ಎಂದುಕೊಂಡು ನಾನು ಕಿಟಕಿ ಹೊರಗೆ ನೋಡುತ್ತಿದ್ದೆ. ನನ್ನ ಗಂಟಲಲ್ಲೂ ಮುರ್ಡೇಶ್ವರದಿಂದ ಒಂದು ವಾಕ್ಯ ಸಿಕ್ಕಿಕೊಂಡಿತ್ತು. ಕೊರಳ ತುಂಬ ಕರಿಮಣಿ ಸರ ಹಾಕಿದ ಹಾಲಕ್ಕಿ ಅಜ್ಜಿಯೊಬ್ಬಳು ಖಾಲಿ ತರಕಾರಿ ಬುಟ್ಟಿ ಕಾಲ ಬುಡದಲ್ಲಿ ಇಟ್ಟುಕೊಂಡು ಕೂತಿದ್ದಳು. ಇಬ್ಬರನ್ನೂ ನೋಡಿ ನೋಡಿ ಸಾಕಾಗಿ, ‘ಎಲ್ಲಾಯ್ತೋ ನಿಮ್ಗೆ?’ ಎಂದು ಇಬ್ಬರಿಗೂ ಸೇರಿಸಿ ಒಂದೇ ಪ್ರಶ್ನೆ ಹಾಕಿದಳು. ನಾವಿಬ್ಬರೂ ಒಟ್ಟಿಗೆ ಉತ್ತರ ಹೇಳಿದೆವು. ಕುಮಟಾ ಬಂದರೂ ಮುಗಿದಿರಲಿಲ್ಲ. ಅಜ್ಜಿ ಯಾವಾಗ ಇಳಿದು ಹೋದಳೋ ಇಬ್ಬರಿಗೂ ಗೊತ್ತಾಗಲಿಲ್ಲ.

ಭಾವನ ಜಾತಕ ಸದ್ಯ ಮೂರು ಮನೆಯಲ್ಲಿದೆ. ನೀವು ಎಂದಾದರೂ ಆ ಗಾಡಿಗೆ ಬಂದು, ಎದುರಿಗೆ ಕೂತವರು ಗಂಟಲು ಸರಿಮಾಡಿಕೊಳ್ಳುವುದು ಕಂಡರೆ, ಮಾತ್ರೆ ಕೊಡಲು ಹೋಗಬೇಡಿ. ‘ಎಲ್ಲಾಯ್ತು?’ ಎಂದು ನೀವೇ ಕೇಳಿಬಿಡಿ. ಮಂಕಿ ದಾಟುವುದರೊಳಗೆ ಕೇಳಿ. ಸೇತುವೆ ಬಂತೆಂದರೆ ಏನೂ ಕೇಳಿಸುವುದಿಲ್ಲ.